ವರ್ಣಾಂಕ ಎಪ್ಪತ್ತೆಂಟು

ಕರಿಬೂಷ್ಟು ಅಂಗೈಯಲ್ಲಿ ಇರುವಷ್ಟು ದಿನ ಯಾರೂ ಹೆದರಬೇಕಾಗಿರಲಿಲ್ಲ. ಎಲ್ಲರ ಅಂಗೈಯ ಚರ್ಮಕ್ಕೂ ಬಣ್ಣ ಕಡಿಮೆ. ಲೇಸರ್ ಕಿರಣ ನೇರವಾಗಿ ಒಳಗಿಳಿದು ಬೂಷ್ಟನ್ನು ಸುಟ್ಟುಬಿಡುತ್ತಿತ್ತು. ಅದು ಮಣಿಕಟ್ಟು ದಾಟಿ ಮುಂಗೈಗೆ ಏರಿದವರು ಬಂದರೆ ಮಾತ್ರ ಪ್ರಮೀಳಾ ಆಗೇರ ಉಸಿರು ಬಿಗಿಹಿಡಿದು ಯಂತ್ರದ ಪರದೆಯ ಮೂಲೆ ನೋಡುತ್ತಿದ್ದಳು. ಅಲ್ಲಿ ಎರಡು ಅಂಕಿಯ ಒಂದು ಸಂಖ್ಯೆ ಮೂಡುತ್ತಿತ್ತು. ಅದಕ್ಕೆ ವರ್ಣಾಂಕ ಎಂದು ಹೆಸರು. ಐವತ್ತೈದರ ಒಳಗೆ ಬಂದರೆ ಹಸಿರು ದೀಪ. ಐವತ್ತಾರಾದರೂ ಯಂತ್ರ ತನಗೆ ತಾನೇ ಬೀಗ ಹಾಕಿಕೊಳ್ಳುತ್ತಿತ್ತು.

ಆ ಬೂಷ್ಟು ಹೊಸದೇನಲ್ಲ. ಉಪ್ಪಿನ ಆಗರಗಳ ನೀರಿನಲ್ಲಿ ಎಂದಿನಿಂದಲೋ ಇದ್ದ ಬಡಪಾಯಿ ಶಿಲೀಂಧ್ರ. ಬಿಸಿಲನ್ನೂ ಉಪ್ಪನ್ನೂ ತಡೆದುಕೊಳ್ಳಲು ಮೈತುಂಬ ಕಪ್ಪು ತುಂಬಿಕೊಂಡು ಬದುಕಿತ್ತು. ಹಿಂದೆ ಒಬ್ಬಿಬ್ಬರ ಅಂಗೈಯಲ್ಲಿ ಕಲೆಯಾಗಿ ಕಾಣಿಸಿಕೊಂಡು ಒಂದು ಡಬ್ಬಿ ಮುಲಾಮಿಗೆ ಹೊರಟುಹೋಗುತ್ತಿತ್ತು. ಸಮುದ್ರದ ನೀರು ಬಿಸಿಯಾಗುತ್ತ ಬಂದ ವರ್ಷಗಳಲ್ಲಿ ಅದು ಮನುಷ್ಯನ ಮೈಬಿಸಿಗೂ ಒಗ್ಗಿಕೊಂಡಿತು. ಮುಲಾಮು, ಮಾತ್ರೆ ಯಾವುದಕ್ಕೂ ಬಗ್ಗದಾಯಿತು. ಚರ್ಮದಡಿ ಬೇರಿನಂತೆ ತಿಂಗಳಿಗೆ ಎರಡೂವರೆ ಬೆರಳಗಲ ಮೇಲೇರುತ್ತ ಕಂಕುಳು ಮುಟ್ಟಿ, ಅಲ್ಲಿಂದ ಶ್ವಾಸಕೋಶಕ್ಕೆ ಇಳಿದರೆ ಮುಗಿಯಿತು.

ಅದನ್ನು ಕೊಲ್ಲುವ ಉಪಾಯ ಅದರ ಕಪ್ಪಿನಲ್ಲೇ ಇತ್ತು. ಕಪ್ಪು ವಸ್ತು ಬೆಳಕನ್ನು ಕುಡಿದು ಕಾಯುತ್ತದೆ. ಒಂದೇ ಬಣ್ಣದ ತೀಕ್ಷ್ಣ ಕಿರಣವನ್ನು ಕ್ಷಣದ ಸಣ್ಣ ತುಣುಕಿನಷ್ಟು ಹೊತ್ತು ಬಿಟ್ಟರೆ ಚರ್ಮಕ್ಕೆ ಬಿಸಿ ತಾಗುವ ಮೊದಲೇ ಬೂಷ್ಟು ಬೆಂದುಹೋಗುತ್ತದೆ. ಆದರೆ ಮನುಷ್ಯನ ಚರ್ಮಕ್ಕೆ ಬಣ್ಣ ಕೊಡುವುದೂ ಅದೇ ಜಾತಿಯ ಕಪ್ಪು. ಈ ಕಪ್ಪು ಬೂಷ್ಟಿನದು, ಈ ಕಪ್ಪು ಮನುಷ್ಯನದು ಎಂದು ಬೆಳಕಿಗೆ ತಿಳಿಯುವುದಿಲ್ಲ. ಮೈಬಣ್ಣ ಗಾಢವಾಗಿದ್ದರೆ ಕಿರಣವನ್ನು ಮೇಲಿನ ಚರ್ಮವೇ ಕುಡಿದು ಸುಟ್ಟುಕೊಳ್ಳುತ್ತದೆ.

ಪ್ರಮೀಳಾ ಈ ಪಾಠವನ್ನು ಡಿಪ್ಲೊಮಾ ತರಗತಿಯಲ್ಲಿ ಓದಿ, ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು ಪಾಸಾದವಳು. ಹೊಸಬಂದರಿನ ಕಿರಣ ಚಿಕಿತ್ಸಾ ಕೇಂದ್ರದಲ್ಲಿ ಯಂತ್ರ ನಡೆಸುವ ಕೆಲಸ ಅವಳದು. ಹಿಂದಿನ ವರ್ಷ ಅವಳ ಎಡ ಮುಂಗೈಗೂ ಬೂಷ್ಟು ಹತ್ತಿತ್ತು. ಅವಳ ವರ್ಣಾಂಕ ನಲವತ್ತನಾಲ್ಕು. ರಬ್ಬರ್ ಬ್ಯಾಂಡ್ ಎಳೆದು ಬಿಟ್ಟಂತೆ ಚುರುಕ್ ಎನ್ನುವ ಮೂರು ಸರದಿಗಳಲ್ಲಿ ಅದು ಗುರುತೂ ಉಳಿಯದಂತೆ ಹೋಗಿತ್ತು.

ಫೆಬ್ರವರಿಯ ಒಂದು ಬೆಳಿಗ್ಗೆ ಅವಳ ಅಕ್ಕ ಸೋಮಿ ಬಲಗೈಗೆ ಸೆರಗು ಸುತ್ತಿಕೊಂಡು ಕೇಂದ್ರಕ್ಕೆ ಬಂದಳು. ಎಂಟು ವರ್ಷ ದೊಡ್ಡವಳು. ಅವ್ವಿ ತೀರಿಕೊಂಡಾಗ ಪ್ರಮೀಳಾಳಿಗೆ ಏಳು, ಸೋಮಿಗೆ ಹದಿನೈದು. ಅಂದಿನಿಂದ ಸಾಣೆಬೈಲಿನ ಆಗರದಲ್ಲಿ ಉಪ್ಪು ಎಳೆಯುತ್ತಲೇ ತಂಗಿಯನ್ನು ಸಾಕಿದವಳು. ಬಂದವಳೇ ಸೆರಗು ಬಿಚ್ಚಿದಳು. ಮಣಿಕಟ್ಟಿನಿಂದ ಮೇಲೆ ನಾಲ್ಕು ಬೆರಳು ಉದ್ದಕ್ಕೆ, ಚರ್ಮದಡಿ ಮಸಿ ಚೆಲ್ಲಿದಂತೆ ಗೆರೆಗಳು.

"ಇಷ್ಟು ದಿನ ಎಂತಕೆ ಬರ್ಲಿಲ್ಲ ಅಕ್ಕ?"

"ಅಂಗೈಲಿ ಬರ್ಲಿಲ್ಲ, ಮುಂಗೈಗೇ ಹತ್ತಿದ್ದು. ನನ್ನ ಕಪ್ಪು ಮೈಮೇಲೆ ಕಂಡ್ರೆ ಅಲ್ವಾ ಬರೂದು? ನಿಂಗಾದ್ರೆ ಎರಡೇ ದಿನಕ್ಕೆ ಕಂಡಿತ್ತು."

ಪ್ರಮೀಳಾ ಯಂತ್ರದ ಅಳತೆಯ ಕಣ್ಣನ್ನು ಮುಂಗೈಗೆ ಒತ್ತಿದಳು. ಪರದೆಯಲ್ಲಿ ಎಪ್ಪತ್ತೆಂಟು ಎಂದು ಬಂತು. ಯಂತ್ರದೊಳಗೆ ಟಕ್ ಎಂದು ಬೀಗ ಬಿತ್ತು.

"ಎಷ್ಟಂತೆ?"

"ಎಪ್ಪತ್ತೆಂಟು. ಐವತ್ತೈದರ ಒಳಗೆ ಬರ್ಬೇಕು."

"ಒಂದೇ ಹೊಟ್ಟೇಲಿ ಹುಟ್ಟಿ ಇಷ್ಟು ಫರಕಾ!" ಎಂದು ಸೋಮಿ ನಕ್ಕಳು. ಚಿಕ್ಕಂದಿನಿಂದ ಮನೆಗೆ ಬಂದವರೆಲ್ಲ ಆಡಿದ ಮಾತು ಅದು. ಅವಳಿಗೆ ಅದರಲ್ಲಿ ನೋವು ಉಳಿದಿರಲಿಲ್ಲ. "ಹಂಗಾರೆ ಈಗ ಎಂತಾ ಮಾಡೂದು?"

ಪ್ರಮೀಳಾ ಉತ್ತರ ಕೊಡುವ ಮೊದಲು ಅಕ್ಕನ ತೋಳೆತ್ತಿ, ರವಿಕೆಯ ತೋಳನ್ನು ಸರಿಸಿ, ಕಂಕುಳ ಹತ್ತಿರದ ಒಳಮೈಗೆ ಅಳತೆಯ ಕಣ್ಣು ಇಟ್ಟಳು. ಬಿಸಿಲು ಎಂದೂ ಬೀಳದ ಜಾಗ. ಅಲ್ಲಿ ಬಂದದ್ದು ಅರವತ್ತೊಂದು. ಬಿಸಿಲು ಹಚ್ಚಿದ ಬಣ್ಣ ಪೂರ್ತಿ ಇಳಿದರೂ ಹುಟ್ಟಿನ ಬಣ್ಣಕ್ಕಿಂತ ಕೆಳಗೆ ಯಾರ ಚರ್ಮವೂ ಇಳಿಯುವುದಿಲ್ಲ. ಅಂದರೆ ಅಕ್ಕ ಐವತ್ತೈದಕ್ಕೆ ಎಂದೂ ಬರುವುದಿಲ್ಲ. ಪ್ರಮೀಳಾಳಿಗೆ ಇದು ಆ ಕ್ಷಣವೇ ಗೊತ್ತಾಯಿತು.

"ಬಿಸಿಲಿಗೆ ಹೋಗ್ಬೇಡ," ಎಂದಳು. "ಬಿಸಿಲಿನ ಬಣ್ಣ ಇಳಿದ್ರೆ ಸಂಖ್ಯೆನೂ ಇಳೀತದೆ."

"ಐವತ್ತೈದಕ್ಕೆ ಬತ್ತದ್ಯಾ?"

"ಬರ್ಬಹುದು."

ಹಾಗೆ ಯಾಕೆ ಹೇಳಿದಳೋ. ಬೇರೆ ಹೇಳಲು ಏನೂ ಇರಲಿಲ್ಲ ಎಂಬುದೊಂದೇ ಕಾರಣ.

ಆ ಬೇಸಿಗೆಯಲ್ಲಿ ಸಾಣೆಬೈಲು ಊರಿಗೆ ಊರೇ ನೆರಳಿಗೆ ಸೇರಿಕೊಂಡಿತು. ಐವತ್ತೆಂಟು, ಅರವತ್ತು ಇದ್ದ ಕೆಲವರಿಗೆ ನಿಜಕ್ಕೂ ಸಂಖ್ಯೆ ಇಳಿದು ಚಿಕಿತ್ಸೆ ಸಿಕ್ಕಿತ್ತು. ಅದು ಕಿವಿಯಿಂದ ಕಿವಿಗೆ ಹಬ್ಬಿ, ಕಾಯಿಲೆ ಇದ್ದವರೂ ಇಲ್ಲದವರೂ ಕಿಟಕಿಗೆ ಗೋಣಿ ಕಟ್ಟಿದರು. ಆಗರದ ಕೆಲಸ ಸೂರ್ಯ ಹುಟ್ಟುವ ಮೊದಲಿನ ಒಂದು ಗಂಟೆಗೆ ಇಳಿಯಿತು. ಉಪ್ಪು ಬಿಳಿಯ ಹೆಪ್ಪಾಗಿ ಎಳೆಯುವವರಿಲ್ಲದೆ ಕೂತಿತು. ಮಾವಿನ ಮಿಡಿ ಬಿದ್ದರೆ ಹೆಕ್ಕಲು ಯಾರೂ ಅಂಗಳಕ್ಕೆ ಇಳಿಯುತ್ತಿರಲಿಲ್ಲ. ಕೇಂದ್ರದವರು ಊರಿಗೊಂದು ವರ್ಣಾಂಕ ನೋಡುವ ಕೈಯಳತೆಯ ಯಂತ್ರ ಕೊಟ್ಟಿದ್ದರು. ಅದನ್ನು ಮನೆಯಿಂದ ಮನೆಗೆ ಒಯ್ಯುವುದೇ ಒಂದು ಕೆಲಸವಾಯಿತು. ಎದುರಾದವರು ಊಟ ಆಯ್ತಾ ಎಂದು ಕೇಳುವುದನ್ನು ಬಿಟ್ಟು "ನಿಂದು ಎಷ್ಟಾತು?" ಎನ್ನತೊಡಗಿದರು. ಹೆಣ್ಣು ನೋಡಲು ಬಂದವರೂ ಜಾತಕದ ಜೊತೆ ವರ್ಣಾಂಕ ಕೇಳಿದರು.

ಸೋಮಿಗೆ ಒಳಗೆ ಕೂತು ಅಭ್ಯಾಸವಿರಲಿಲ್ಲ. ನಡುಮನೆಯ ಕತ್ತಲಲ್ಲಿ ಒಣ ಶೆಟ್ಲಿ ಸಿಗಡಿಯ ತಲೆ ಮುರಿಯುತ್ತ, ಹಳೆ ಸೀರೆಗೆ ಹೊಲಿಗೆ ಹಾಕುತ್ತ ದಿನ ದೂಡಿದಳು. ಅವಳ ಗಂಡ ಬೀರಣ್ಣ ಮಾತು ಕಡಿಮೆಯ ಮನುಷ್ಯ. ದೋಣಿಯಿಂದ ಬಂದವನೇ ಹೆಂಡತಿಯ ಕೈ ನೋಡಿ, ಗೋಡೆಗೆ ಬುಟ್ಟಿ ಒರಗಿಸಿ ಹೊರಗೆ ಹೋಗಿಬಿಡುತ್ತಿದ್ದ. ಪ್ರತಿ ಭಾನುವಾರ ಪ್ರಮೀಳಾ ಬಂದು ಅಳೆಯುತ್ತಿದ್ದಳು. ಎಪ್ಪತ್ತೆಂಟು ಎಪ್ಪತ್ತನಾಲ್ಕಾಯಿತು, ಎಪ್ಪತ್ತಾಯಿತು, ಅರವತ್ತೇಳಾಯಿತು. ಪ್ರತಿ ಸಲವೂ ಸೋಮಿ ಮಗುವಿನಂತೆ ಹಿಗ್ಗುತ್ತಿದ್ದಳು. ಅಕ್ಕನ ಹಿಗ್ಗು ನೋಡುತ್ತ ಪ್ರಮೀಳಾ ಪೆನ್ನಿನಿಂದ ಬೂಷ್ಟಿನ ತುದಿಗೆ ಗುರುತು ಹಾಕುತ್ತಿದ್ದಳು. ಆ ಗುರುತು ಪ್ರತಿ ವಾರ ಮೊಣಕೈ ಕಡೆಗೆ ಸರಿಯುತ್ತಿತ್ತು.

ಏಪ್ರಿಲ್ ಮುಗಿಯುವ ಹೊತ್ತಿಗೆ ಸಂಖ್ಯೆ ಅರವತ್ತನಾಲ್ಕಕ್ಕೆ ಬಂದು ನಿಂತಿತು. ಮುಂದಿನ ವಾರವೂ ಅರವತ್ತನಾಲ್ಕು. ಅದರ ಮುಂದಿನ ವಾರ ಪ್ರಮೀಳಾ ಬಂದಾಗ ಕೈಯಳತೆಯ ಯಂತ್ರ ಸೋಮಿಯ ಮಡಿಲಲ್ಲಿತ್ತು.

"ಕೂತ್ಕ," ಎಂದಳು ಸೋಮಿ. ತಂಗಿಯ ಕಣ್ಣೆದುರೇ ರವಿಕೆ ಸರಿಸಿ, ತೋಳಿನ ಒಳಮೈಗೆ ಯಂತ್ರ ಇಟ್ಟು ತೋರಿಸಿದಳು. ಅರವತ್ತೊಂದು. "ಇಲ್ಲಿಗೆ ನಾ ಹುಟ್ಟಿದ್ಮೇಲೆ ಬಿಸಿಲು ಬಿದ್ದಿಲ್ಲ. ಇಲ್ಲೇ ಇಷ್ಟಿದ್ರೆ, ಮುಂಗೈ ಇದ್ರ ಕೆಳಗೆ ಹೆಂಗೆ ಇಳೀತದೆ?"

ಪ್ರಮೀಳಾ ತಲೆ ತಗ್ಗಿಸಿದಳು.

"ನೀ ಮೊದಲ್ನೇ ದಿನಾನೇ ಇಲ್ಲಿಗೆ ಇಟ್ಟು ನೋಡಿದ್ದೆ. ಗೊತ್ತಿತ್ತು ಅಲ್ವಾ ನಿಂಗೆ?"

"ಗೊತ್ತಿತ್ತು."

ಸೋಮಿ ಎದ್ದು ಹೋಗಿ ಕಿಟಕಿಗೆ ಕಟ್ಟಿದ್ದ ಗೋಣಿಯನ್ನು ಕಿತ್ತು ಕೆಳಗೆ ಹಾಕಿದಳು. ಬಿಸಿಲು ನಡುಮನೆಯ ನೆಲಕ್ಕೆ ಬಿತ್ತು. "ಎರಡೂವರೆ ತಿಂಗಳು ಕೂರ್ಸಿದೆಯಲ್ಲೇ ಕತ್ಲೆಲಿ," ಎಂದಳು. ದನಿ ಏರಿರಲಿಲ್ಲ. ಅದನ್ನೇ ಪ್ರಮೀಳಾಳಿಗೆ ತಡೆಯಲಾಗಲಿಲ್ಲ. ಅಳು ಬಂತು. ಸೋಮಿ ಸಮಾಧಾನ ಮಾಡಲು ಬರಲಿಲ್ಲ.

ಮರುದಿನ ಸೋಮಿಯೇ ಕೇಂದ್ರಕ್ಕೆ ಬಂದು, ಸುಟ್ಟರೂ ಸರಿ, ಕಿರಣ ಬಿಡಿ ಎಂದು ಪಟ್ಟು ಹಿಡಿದಳು. ಮುಖ್ಯವೈದ್ಯ ಡಾಕ್ಟರ್ ಶಾನಭಾಗರು ಮೊದಲು ಒಪ್ಪಲಿಲ್ಲ. ಕೊನೆಗೆ ಕಡಲೆಬೇಳೆಯಷ್ಟು ಜಾಗದಲ್ಲಿ ಒಂದೇ ಒಂದು ಪರೀಕ್ಷೆ ಎಂದು ಕಾಗದಕ್ಕೆ ಸಹಿ ಹಾಕಿಸಿಕೊಂಡು, ತಮ್ಮ ಕೀಲಿಯಿಂದ ಬೀಗ ತೆಗೆದರು. ಗುಂಡಿ ಒತ್ತಬೇಕಾದವಳು ಪ್ರಮೀಳಾ. ಕಪ್ಪು ಕನ್ನಡಕ ಹಾಕಿಕೊಂಡಾಗ ಅಕ್ಕನ ಮುಖ ಕಾಣಲಿಲ್ಲ, ಕೈ ಮಾತ್ರ ಕಂಡಿತು. ಚಟ್ ಎಂಬ ಸದ್ದು. ಸುಟ್ಟ ಕೂದಲ ವಾಸನೆ. ಸೋಮಿ ಹಲ್ಲು ಕಚ್ಚಿ "ಊಂ" ಎಂದಳು ಅಷ್ಟೆ. ಹತ್ತು ನಿಮಿಷದಲ್ಲಿ ಅಲ್ಲಿ ನೀರು ತುಂಬಿದ ಗುಳ್ಳೆ ಎದ್ದಿತು. ನಾಲ್ಕನೆಯ ದಿನ ಗುಳ್ಳೆ ಒಡೆದು ಸಿಪ್ಪೆ ಕಳಚಿದ ಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬೂಷ್ಟು ಹಾಗೇ ಇತ್ತು. ಕಿರಣ ಅಲ್ಲಿವರೆಗೆ ಹೋಗಿಯೇ ಇರಲಿಲ್ಲ.

"ಯಂತ್ರದಲ್ಲಿ ಇನ್ನೊಂದು ಕಿರಣ ಇದೆಯಲ್ಲ ಸರ್," ಎಂದಳು ಪ್ರಮೀಳಾ. "ಉದ್ದ ಅಲೆಯದ್ದು. ಅದು ಮೇಲಿನ ಬಣ್ಣದಲ್ಲಿ ಅಷ್ಟಾಗಿ ನಿಲ್ಲೋದಿಲ್ಲ."

"ನಿಲ್ಲೋದಿಲ್ಲ, ನಿಜ. ಬೂಷ್ಟಿನಲ್ಲೂ ಅಷ್ಟಾಗಿ ನಿಲ್ಲೋದಿಲ್ಲ. ಶಕ್ತಿ ಜಾಸ್ತಿ ಬೇಕು, ನಿಧಾನವಾಗಿ ಬಿಡಬೇಕು, ಚರ್ಮವನ್ನ ತಣ್ಣಗಿಡಬೇಕು. ಎಷ್ಟು ಶಕ್ತಿ, ಎಷ್ಟು ನಿಧಾನ, ಎಷ್ಟು ತಣ್ಣಗೆ? ಅದನ್ನ ಯಾರೂ ಕಂಡುಹಿಡಿದಿಲ್ಲ ಪ್ರಮೀಳಾ. ಈ ಚಿಕಿತ್ಸೆಯ ಪ್ರಯೋಗ ಮಾಡಿದ್ದು ಮುನ್ನೂರ ನಲವತ್ತು ಜನರ ಮೇಲೆ. ಅವರಲ್ಲಿ ಅತಿ ಹೆಚ್ಚಿನ ವರ್ಣಾಂಕ ನಲವತ್ತೊಂಬತ್ತು."

"ಅಕ್ಕನಂಥವರು ಒಬ್ಬರೂ ಇರಲಿಲ್ವಾ?"

"ಬಂದಿದ್ದರಂತೆ. ಅಳತೆ ಕೆಡುತ್ತೆ ಅಂತ ಕೈಬಿಟ್ಟರಂತೆ." ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಈ ಚಿಕಿತ್ಸೆಗೆ ಒಪ್ಪಿಗೆ ಕೊಡುವ ರಾಜಧಾನಿಯ ಸಮಿತಿಗೆ ನಾನು ಎರಡು ಸಲ ಬರೆದಿದ್ದೇನೆ. ನೀವೇ ಹೋಗಿ ಕೂತರೆ ಏನಾದರೂ ಆಗಬಹುದು."

ಪ್ರಮೀಳಾ ಹೋದಳು. ಬೀಗ ಬಿದ್ದು ಹಿಂದಿರುಗಿದ ಇನ್ನೂರ ಹನ್ನೆರಡು ಮಂದಿಯ ಕೈಗಳ ಚಿತ್ರ ಅವಳ ಚೀಲದಲ್ಲಿತ್ತು. ಮೂರು ದಿನ ಕಾದ ಮೇಲೆ ಒಳಗೆ ಕರೆದರು. ಸಮಿತಿಯ ಅಧ್ಯಕ್ಷೆ ವಯಸ್ಸಾದ ಹೆಂಗಸು, ನಯವಾಗಿ ಮಾತಾಡುವವರು. ಒಂದೊಂದು ಚಿತ್ರವನ್ನೂ ನಿಧಾನವಾಗಿ ನೋಡಿದರು. ಕಣ್ಣೊರೆಸಿಕೊಂಡರು ಕೂಡ.

"ಬೀಗ ಹಾಕಿರೋದು ನಿಮ್ಮ ಜನರನ್ನ ಕಾಪಾಡೋದಕ್ಕೇ ಅಮ್ಮ," ಎಂದರು. "ಉದ್ದ ಅಲೆಯ ಕಿರಣವನ್ನ ಗೊತ್ತಿಲ್ಲದೆ ಬಿಟ್ಟರೆ ಒಳಗಿನ ನರ, ಮಾಂಸ ಬೇಯಬಹುದು. ಮೊದಲು ಪ್ರಯೋಗಾಲಯದಲ್ಲಿ ಅಳತೆ ಸಿಗಬೇಕು. ಅದಕ್ಕೆ ಗಾಢ ಬಣ್ಣದ, ಬೂಷ್ಟು ಹತ್ತಿದ ಚರ್ಮ ಬೇಕು. ಅಂಥ ಒಂದು ಮಾದರಿಯೂ ನಮ್ಮಲ್ಲಿಲ್ಲ. ಎಲ್ಲ ಸರಿಯಾಗಿ ನಡೆದರೆ ಮೂರು ವರ್ಷ."

ಅವರು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಾಗಿರಲಿಲ್ಲ. ಅದೇ ಪ್ರಮೀಳಾಳನ್ನು ಕುಗ್ಗಿಸಿತು. ಕೂಗಾಡಲು ಒಬ್ಬ ಕೆಟ್ಟವನಾದರೂ ಎದುರಿಗೆ ಸಿಕ್ಕಿದ್ದರೆ ಎದೆ ಹಗುರವಾಗುತ್ತಿತ್ತೇನೋ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅಕ್ಕನಿಗೆ ಫೋನು ಮಾಡಿದಳು. ಈ ಸಲ ಏನನ್ನೂ ಮುಚ್ಚಿಡಲಿಲ್ಲ. ಮೂರು ವರ್ಷ ಎಂದಳು. ಮಾದರಿ ಇಲ್ಲ ಎಂಬುದನ್ನೂ ಹೇಳಿದಳು.

"ಮಾದರಿ ಅಂದ್ರೆ?" ಸೋಮಿ ಕೇಳಿದಳು.

"ಬೂಷ್ಟು ಹತ್ತಿದ ಚರ್ಮ. ನಿನ್ನಂಥ ಬಣ್ಣದ್ದು. ಪರೀಕ್ಷೆ ಮಾಡಿ ನೋಡೂಕೆ."

"ಓಹೋ," ಎಂದಳು ಸೋಮಿ. "ಆತು. ನೀ ಊಟ ಮಾಡಿ ಬಸ್ ಹತ್ತು."

ಹೊಸಬಂದರಿಗೆ ಬಸ್ಸು ಬಂದಾಗ ಮರುದಿನ ಮಧ್ಯಾಹ್ನ. ನಿಲ್ದಾಣದಲ್ಲಿ ಬೀರಣ್ಣ ನಿಂತಿದ್ದ. ದೋಣಿಗೆ ಹೋಗುವ ಅಂಗಿಯಲ್ಲೇ ಇದ್ದ.

"ಏನಾಯ್ತು ಬಾವ?"

"ಬೆಳಿಗ್ಗೆ ಆತು. ಆಸ್ಪತ್ರೇಲಿ ಅದೆ. ಮಾತಾಡ್ತದೆ." ಅಷ್ಟು ಹೇಳಿ ಅವಳ ಚೀಲ ತೆಗೆದುಕೊಂಡು ಮುಂದೆ ನಡೆದ.

ಸೋಮಿ ಹಾಸಿಗೆಯಲ್ಲಿ ದಿಂಬಿಗೆ ಒರಗಿ ಕೂತಿದ್ದಳು. ಬಲಗೈ ಮೊಣಕೈಯಿಂದ ನಾಲ್ಕು ಬೆರಳು ಮೇಲಕ್ಕೆ ಬಟ್ಟೆಯ ಉಂಡೆಯಲ್ಲಿ ಮುಗಿದಿತ್ತು. ಪ್ರಮೀಳಾ ಬಾಗಿಲಲ್ಲೇ ನಿಂತಳು.

"ಬಾ ಇಲ್ಲಿ. ಹೆದ್ರಬೇಡ," ಎಂದಳು ಸೋಮಿ. "ಮೊಣಕೈಗೆ ಎರಡೇ ಬೆರಳು ಬಾಕಿ ಇತ್ತು. ಈಗಾದ್ರೆ ಇಷ್ಟು ತೆಗೀತ್ರು, ಮಳೆಗಾಲ ಕಳೆದ್ರೆ ಭುಜದಿಂದ್ಲೇ ತೆಗೀಬೇಕು ಅಂದ್ರು ಡಾಕ್ಟ್ರು."

"ನನ್ನ ಕೇಳದೆ ಎಂತಕೆ ಮಾಡ್ಸ್ಕಂಡೆ ಅಕ್ಕ? ಒಂದು ದಿನ ತಡೆಯೂಕೆ ಆಗ್ತಿರ್ಲಿಲ್ವಾ?"

"ತಡೆದ್ರೆ ನೀ ಇನ್ನೊಂದು ವಾರ ಕಾಯುವ ಅಂತಿದ್ದೆ. ನಿನ್ನ ಮುಖ ನೋಡ್ಕಂಡು ನಾನೂ ಹೂಂ ಅಂತಿದ್ದೆ." ಎಡಗೈಯಿಂದ ತಂಗಿಯ ಸೆರಗು ಹಿಡಿದು ಹತ್ತಿರ ಎಳೆದಳು. "ಕೇಳು. ಆ ಕೈನ ಸುಡೂಕೆ ಕೊಡ್ಲಿಲ್ಲ. ನಿನ್ನ ಆಪೀಸಿಗೆ ಕೊಡ್ರಿ ಅಂದೆ. ಅದೇನೋ ಮಾದರಿ ಬೇಕು ಅಂದ್ಯಲ್ಲ. ಸೈ ಹಾಕೂಕೆ ಕೈ ಇಲ್ಲ, ಎಡಗೈ ಹೆಬ್ಬೆಟ್ಟು ಒತ್ತಿದೆ. ಬೇರೆ ಯಾರೂ ಮುಟ್ಟೂದು ಬೇಡ, ನನ್ನ ತಂಗಿನೇ ಮಾಡ್ಬೇಕು ಅಂತ ಬರ್ಸಿದ್ದೆ."

"ನನ್ನಿಂದ ಆಗೂದಿಲ್ಲ ಅಕ್ಕ."

"ಆಗ್ತದೆ. ಮತ್ಯಾರಿಗೆ ಬತ್ತದೆ ಆ ಯಂತ್ರ?"

ಕತ್ತರಿಸಿದ ಕೈಯನ್ನು ಇಟ್ಟುಕೊಳ್ಳಲು ನಿಯಮದ ಪ್ರಕಾರ ಎರಡು ದಿನ ಸಮಯ. ಆಮೇಲೆ ಆಸ್ಪತ್ರೆಯ ಕುಲುಮೆಗೆ ಹೋಗಬೇಕು. ಬೀರಣ್ಣ ಅದನ್ನು ಮನೆಯ ಹಿತ್ತಲಲ್ಲಿ ಹೂಳುತ್ತೇನೆಂದು ಕೇಳಿದ್ದ. ಬೂಷ್ಟು ಮಣ್ಣಿಗೆ ಇಳಿಯುತ್ತದೆಂದು ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಎಂಟು ಗಂಟೆಗೆ ಡಾಕ್ಟರ್ ಶಾನಭಾಗರು ಮಂಜುಗಡ್ಡೆಯ ಪೆಟ್ಟಿಗೆಯನ್ನು ತಾವೇ ಹೊತ್ತು ತಂದರು. ಉಕ್ಕಿನ ತಟ್ಟೆಯಲ್ಲಿ ಆ ಕೈಯನ್ನು ಇಟ್ಟು, ಅಂಗೈಯನ್ನೂ ಬೆರಳುಗಳನ್ನೂ ಬಟ್ಟೆಯಿಂದ ಮುಚ್ಚಿದರು. ಪ್ರಮೀಳಾಳಿಗೆ ಮುಂಗೈ ಮಾತ್ರ ಕಾಣಲಿ ಎಂಬ ದಯೆ ಅದು. ಆದರೂ ಬಳೆ ತೊಡುತ್ತಿದ್ದ ಜಾಗದ ತಿಳಿಬಣ್ಣದ ಪಟ್ಟಿ ಬಟ್ಟೆಯ ಅಂಚಿನಲ್ಲಿ ಕಾಣುತ್ತಲೇ ಇತ್ತು.

ಯಂತ್ರ ಮೊದಲ ಪ್ರಶ್ನೆ ಕೇಳಿತು: ರೋಗಿಯೋ, ಮಾದರಿಯೋ? ಇಷ್ಟು ವರ್ಷದಲ್ಲಿ ಅವಳು ಎರಡನೆಯದನ್ನು ಒಮ್ಮೆಯೂ ಒತ್ತಿರಲಿಲ್ಲ. ಒತ್ತಿದಳು. ಪರದೆಯ ಮೂಲೆಯಲ್ಲಿ ಅರವತ್ತನಾಲ್ಕು ಎಂದು ಬಂತು, ಆದರೆ ಬೀಗ ಬೀಳಲಿಲ್ಲ.

ಚರ್ಮವನ್ನು ಮೈಬಿಸಿಗೆ ತಂದು, ಉದ್ದ ಅಲೆಯ ಕಿರಣ ಆರಿಸಿ, ಒಂದು ತುದಿಯಿಂದ ಶುರುಮಾಡಿದಳು. ಪ್ರತಿ ಹೊಡೆತಕ್ಕೂ ಶಕ್ತಿ, ಅವಧಿ, ತಂಪು ಮೂರನ್ನೂ ಅವಳು ಹೇಳುವುದು, ಡಾಕ್ಟರು ಬರೆಯುವುದು. ಮೊದಲ ಅರವತ್ತು ಹೊಡೆತಗಳಲ್ಲಿ ಚರ್ಮ ಸುಟ್ಟಿತು, ಇಲ್ಲವೇ ಬೂಷ್ಟು ಅಲುಗಲಿಲ್ಲ. ನೂರರ ಹೊತ್ತಿಗೆ ಅವಳು ಬೇರೆ ಯಾರದೋ ಚರ್ಮವೆಂಬಂತೆ ಸರಾಗವಾಗಿ ಅಳತೆ ಹೇಳುತ್ತಿದ್ದಳು. ಅದು ಅವಳಿಗೇ ಅಸಹ್ಯವೆನಿಸಿತು. ನೂರ ಐವತ್ತಾರನೆಯ ಹೊಡೆತದಲ್ಲಿ ಕಪ್ಪು ಗೆರೆಯ ಒಂದು ಚೂರು ಬೂದಿ ಬಣ್ಣಕ್ಕೆ ತಿರುಗಿತು. ಮೇಲಿನ ಚರ್ಮ ಹಾಗೇ ಇತ್ತು. ಡಾಕ್ಟರು ಅಲ್ಲಿಂದ ಎಳ್ಳಿನಷ್ಟು ಚೂರು ತೆಗೆದು ಸೂಕ್ಷ್ಮದರ್ಶಕಕ್ಕೆ ಹಾಕಿದರು.

"ಸತ್ತಿದೆ," ಎಂದರು.

ಅದೇ ಅಳತೆಯಲ್ಲಿ ಪಕ್ಕದಲ್ಲಿ ಹೊಡೆದಳು. ಸುಟ್ಟಿತು. ಅದರ ಪಕ್ಕದಲ್ಲಿ ಸುಡಲಿಲ್ಲ, ಬೂಷ್ಟೂ ಸಾಯಲಿಲ್ಲ. ಮತ್ತೊಂದರಲ್ಲಿ ಸತ್ತಿತು. ಅದೇ ಅಳತೆಯ ಹತ್ತು ಹೊಡೆತಗಳಲ್ಲಿ ಮೂರು ಮಾತ್ರ ಸರಿಬಂದವು. ಹೆಚ್ಚು ಕಡಿಮೆ ಮಾಡಿ ನೋಡೋಣವೆಂದರೆ ಮುಂಗೈಯ ಮೇಲೆ ಜಾಗ ಉಳಿದಿರಲಿಲ್ಲ. ತಿರುಗಿಸಿ ಒಳಮೈಯಲ್ಲಿ ಹೊಡೆದಳು. ಅದೂ ತುಂಬಿತು.

"ಸಾಕು ಪ್ರಮೀಳಾ," ಎಂದರು ಡಾಕ್ಟರು.

"ಇದನ್ನ ಕಳಿಸಿದರೆ ಅವರು ಒಪ್ಪುತ್ತಾರಾ ಸರ್?"

"ಇದರಲ್ಲಿ ರಕ್ತ ಹರಿಯೋದಿಲ್ಲ, ಊತ ಬರೋದಿಲ್ಲ, ನೋವಾಗೋದಿಲ್ಲ. ಜೀವ ಇರೋ ಕೈ ಇದನ್ನ ತಡೆದುಕೊಳ್ಳುತ್ತಾ ಅಂತ ಇದರಿಂದ ಹೇಳೋಕಾಗಲ್ಲ. ಮೂರು ವರ್ಷ ಎರಡೂವರೆ ಆಗಬಹುದು." ಅವರು ಬರೆದ ಹಾಳೆಗಳನ್ನು ಜೋಡಿಸಿ ಅವಳ ಕೈಗೆ ಕೊಟ್ಟರು. "ಕಳಿಸೋಣ. ಕಳಿಸದೆ ಇರೋಕಾಗಲ್ಲ."

ಹೊರಗಿನ ಬೆಂಚಿನ ಮೇಲೆ ಆವತ್ತೂ ಜನ ಕೂತಿದ್ದರು. ಯಂತ್ರ ಬಿಡುವಿಲ್ಲವೆಂದು ಬೆಳಿಗ್ಗೆಯಿಂದ ಕಾದವರು. ಪ್ರಮೀಳಾ ಅವರ ಮುಂಗೈಗಳನ್ನು ನೋಡದೆ ದಾಟಿಹೋದಳು.

ಹನ್ನೆರಡನೆಯ ದಿನ ಸೋಮಿಯನ್ನು ಮನೆಗೆ ಕಳಿಸಿದರು. ಆ ಭಾನುವಾರ ಪ್ರಮೀಳಾ ಸಾಣೆಬೈಲಿಗೆ ಹೋದಾಗ ಮಧ್ಯಾಹ್ನದ ಊಟದ ಹೊತ್ತು. ಸೋಮಿ ನೆಲದ ಮೇಲೆ ಕೂತು ಎಡಗೈಯಲ್ಲಿ ಸುಟ್ಟ ಬಂಗಡೆಯ ಮುಳ್ಳು ಬಿಡಿಸಲು ಹೆಣಗುತ್ತಿದ್ದಳು. ಮೀನು ತಟ್ಟೆಯಲ್ಲಿ ಆಚೀಚೆ ಜಾರುತ್ತಿತ್ತು. ಬೀರಣ್ಣ ಸಹಾಯಕ್ಕೆ ಬಂದಿದ್ದಿರಬೇಕು. ಬೈಸಿಕೊಂಡು ದೂರ ಕೂತಿದ್ದ.

"ಸಿಕ್ತಾ ಏನಾದ್ರೂ?" ಆಸ್ಪತ್ರೆಯಲ್ಲಿದ್ದಷ್ಟು ದಿನ ಕೇಳದೆ ಇದ್ದದ್ದನ್ನು ಸೋಮಿ ಈಗ ಕೇಳಿದಳು.

ಪ್ರಮೀಳಾ ಎದುರಿಗೆ ಕೂತಳು. "ಹತ್ತರಲ್ಲಿ ಮೂರು, ಅಕ್ಕ. ಅದೂ ಜೀವ ಇಲ್ಲದ ಚರ್ಮದ ಮೇಲೆ. ಈಗ ಯಾರಿಗೂ ಉಪಯೋಗಕ್ಕೆ ಬರೂದಿಲ್ಲ."

"ಪೂರ್ತಿ ಬಳಸಿದ್ಯಾ?"

"ಜಾಗ ಬಿಡ್ಲಿಲ್ಲ."

ಸೋಮಿ ತಲೆಯಾಡಿಸಿದಳು. ಕಿಟಕಿಯಾಚೆ ಆಗರದಲ್ಲಿ ನಾಲ್ಕೈದು ಹೆಂಗಸರು ಸುಡುಬಿಸಿಲಲ್ಲಿ ಉಪ್ಪು ಎಳೆಯುತ್ತಿದ್ದರು. ನೆರಳಲ್ಲಿ ಕೂತು ಫಲವಿಲ್ಲವೆಂದು ತಿಳಿದವರು ಒಬ್ಬೊಬ್ಬರಾಗಿ ಕೆಲಸಕ್ಕೆ ಮರಳಿದ್ದರು. ಅವರಲ್ಲಿ ಎಷ್ಟು ಜನರ ಕೈಗೆ ಬಟ್ಟೆ ಸುತ್ತಿದೆ ಎಂದು ಇಬ್ಬರಿಗೂ ಕಾಣುತ್ತಿತ್ತು.

"ಅಲ್ಲಿ ಕೈಗೆ ಬಟ್ಟೆ ಸುತ್ಕಂಡು ಉಪ್ಪು ಎಳೀತದ್ಯಲ್ಲ, ಆ ಗಣಪಿ ನಾಳೆ ನಿನ್ನ ಹತ್ರ ಬತ್ತದಂತೆ," ಎಂದಳು ಸೋಮಿ. "ನನ್ನ ಕೈದು ಎಂತಾ ಆತು, ಔಷಧ ಸಿಕ್ತಾ ಅಂತ ದಿನಾ ಕೇಳ್ತದೆ. ಎಂತಾ ಹೇಳ್ತೆ ಅದ್ಕೆ?"

ಅಂದು ಅಕ್ಕನಿಗೆ ಹೇಳಿದ "ಬರ್ಬಹುದು" ನಾಲಿಗೆಯ ತುದಿಗೆ ಬಂದದ್ದನ್ನು ಪ್ರಮೀಳಾ ನುಂಗಿಕೊಂಡಳು.

ಸೋಮಿ ತನ್ನ ತಟ್ಟೆಯನ್ನು ಎಡಗೈಯಿಂದ ತಂಗಿಯ ಕಡೆಗೆ ತಳ್ಳಿದಳು.

"ಇರ್ಲಿ. ಮುಳ್ಳು ತೆಗ್ದು ಕೊಡು. ಹಸಿವಾಗ್ತದೆ."

ಪ್ರಮೀಳಾ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಬಂಗಡೆಯ ಬೆನ್ನುಮುಳ್ಳನ್ನು ಎಳೆದಳು. ಅದು ನಡುವೆ ಮುರಿಯಿತು. ಉಳಿದ ಸಣ್ಣ ಮುಳ್ಳುಗಳನ್ನು ಒಂದೊಂದಾಗಿ ಉಗುರಿನಿಂದ ಬಿಡಿಸಿ ತಟ್ಟೆಯ ಅಂಚಿಗೆ ಇಡತೊಡಗಿದಳು.